ಬಾಯಿ ತೆರೆಯಿರಿ

ಬಿಜೈಯಲ್ಲಿ ಹೊಲಿಗೆ ಕ್ಲಾಸಿನ ಮಾಳಿಗೆ.
ಶನಿವಾರ ಆರೂವರೆಗೆ ಮೆಷಿನುಗಳಿಗೆ ಮುಸುಕು ಹಾಕಿ
ನಾವು ಹನ್ನೆರಡು ಮಂದಿ ಮಾತು ಕಲಿಯುತ್ತೇವೆ.
ಮೂಲೆಯಲ್ಲಿ ಅರ್ಧ ರವಿಕೆ ತೊಟ್ಟ ತಲೆಯಿಲ್ಲದ ಬೊಂಬೆ,
ನಮ್ಮೆಲ್ಲರಿಗಿಂತ ಒಳ್ಳೆಯ ಕೇಳುಗಿತ್ತಿ.

ನಿಯಮ ಸುಮಾಲಿನಿ ಟೀಚರದ್ದು:
ಎರಡು ನಿಮಿಷ. ತಯಾರಿ ಇಲ್ಲ.
‘ಮಾರಾಯ್ರೆ’ ಅಂದರೆ ಎರಡು ರೂಪಾಯಿ ದಂಡ.
ಬಿಸ್ಕೀಟಿನ ಡಬ್ಬಿ ಮೂರೇ ವಾರಕ್ಕೆ ತುಂಬಿ
ಗೋಳಿಬಜೆಯಾಗಿ ಕರಗಿತು.
ಬಂದರಿನ ಸ್ಪೇರ್‌ಪಾರ್ಟ್ಸ್ ಅಂಗಡಿಯ ಆಶೀರ್
ಮೊದಲೇ ಇಪ್ಪತ್ತರ ನೋಟು ಹಾಕಿ ಎದ್ದು ನಿಲ್ಲುತ್ತಾನೆ:
“ಇನ್ನು ಧೈರ್ಯದಲ್ಲಿ ಮಾತಾಡಬಹುದಲ್ಲ ಮಾರಾಯ್ರೆ.”

ಚೀಲದೊಳಗೆ ಕೈ ಹಾಕಬೇಕು, ಸಿಕ್ಕಿದ್ದನ್ನು ಮಾರಬೇಕು.
ಒಮ್ಮೆ ಒಂಟಿ ಚಪ್ಪಲಿ. ಒಮ್ಮೆ ಬಾಡಿದ ತೊಂಡೆಕಾಯಿ.
ಕೀ ಕಳೆದ ಬೀಗವೊಂದನ್ನು ಬಾಳಿಗರು
“ಕಳ್ಳನಿಗೂ ಯಜಮಾನನಿಗೂ ಭೇದ ಮಾಡದ್ದು” ಎಂದು
ನೂರೈವತ್ತಕ್ಕೆ ಮಾರಿಯೇಬಿಟ್ಟರು.
ಕೊಂಡವಳು ನಾನು. ಈಗಲೂ ಡ್ರಾಯರಿನಲ್ಲಿ ಉಂಟು.

ಮತ್ತೆ ಕತೆ ಕಟ್ಟುವ ಆಟ:
ಒಬ್ಬರು ‘ಆದರೆ’ಗೆ ನಿಲ್ಲಿಸಬೇಕು, ಪಕ್ಕದವರು ಹಿಡಿಯಬೇಕು.
ಕಂಕನಾಡಿಯಲ್ಲಿ ಬಸ್ಸು ಹತ್ತಿದ ಮದುಮಗನೊಬ್ಬ, ಆದರೆ
ಇಳಿದದ್ದು ಉಳ್ಳಾಲದ ಸಮುದ್ರದೊಳಗೆ, ಆದರೆ
ಕಂಡಕ್ಟರು ಬಿಡಲಿಲ್ಲ, ಚಿಲ್ಲರೆ ಕೊಡಿ ಅಂದ, ಆದರೆ
ಅಷ್ಟರಲ್ಲಿ ಬಂಗುಡೆಗಳು ದಿಬ್ಬಣಕ್ಕೆ ಸೀಟು ಹಿಡಿದಿದ್ದವು.
ಮದುಮಗಳು ಯಾರೆಂದು ಹೇಳಬೇಕಾದ್ದು ನಾನು.
ಬೆಲ್ಲು ಬಾರಿಸಿಬಿಟ್ಟೆ.

ನಾನು ಬೆಲ್ಲಿನವಳು. ಸಮಯ ನೋಡುವವಳು.
ಹಗಲಿಗೆ ಹಲ್ಲಿನ ಡಾಕ್ಟರು.
ಹನ್ನೊಂದು ವರ್ಷದಿಂದ, ಬಾಯಿ ತುಂಬ ಹತ್ತಿ ತುರುಕಿದವರ ಜೊತೆ
ಒಬ್ಬಳೇ ಮಾತಾಡಿ ಅಭ್ಯಾಸ.
ಊಟ ಆಯಿತಾ, ಮಳೆ ಹಿಡಿಯಿತಲ್ಲ, ಮಗಳು ಹೇಗಿದ್ದಾಳೆ?
ಅವರು ಆಂ ಎನ್ನುತ್ತಾರೆ. ನಾನು ಹೌದಾ ಎನ್ನುತ್ತೇನೆ.
ತಿರುಗಿ ಮಾತಾಡಬಲ್ಲವರ ಎದುರು ನಿಂತರೆ
ನನ್ನದೇ ನಾಲಗೆಗೆ ನಾನೇ ಸೂಜಿ ಚುಚ್ಚಿದ ಹಾಗೆ.

ಮೊನ್ನೆ ಟೀಚರು ಬೆಲ್ಲು ಕಿತ್ತುಕೊಂಡರು.
ದುಭಾಷಿ ಆಟ: ಒಬ್ಬರು ಇಲ್ಲದ ಭಾಷೆ ಆಡಬೇಕು,
ಇನ್ನೊಬ್ಬರು ಅದಕ್ಕೆ ಅರ್ಥ ಹೇಳಬೇಕು.
ದುಭಾಷಿ ಸಿಕ್ವೇರ ಮಾಮ್,
ಎಡಗಡೆ ಕೆಳದವಡೆ, ಆರನೆಯ ಹಲ್ಲು.

ನನಗೆ ಗೊತ್ತಿರುವ ಇಲ್ಲದ ಭಾಷೆ ಒಂದೇ.
ಬಾಯಿ ಅಗಲಿಸಿ, ನಾಲಗೆ ಮಡಚಿ,
“ಆಂ. ಊ ಆಆ ಹ್ಞಾ ಅಅ?” ಎಂದೆ.
ಮಾಳಿಗೆ ನಕ್ಕು ಬಿದ್ದಿತು.
ಸಿಕ್ವೇರರು ನಗಲಿಲ್ಲ. ಅಂಗಿಯ ಕಾಲರು ಸರಿಮಾಡಿ ಸುರುಮಾಡಿದರು:

“ಸಭಿಕರೇ, ಈ ಪೇಶೆಂಟು ಹೇಳುವುದೇನೆಂದರೆ,
ಡಾಕ್ಟ್ರೆ, ನಾಲ್ಕು ವರ್ಷದಿಂದ ನೀವು ಮಗಳನ್ನು ಕೇಳುತ್ತೀರಿ.
ನನಗೆ ಮಗಳಿಲ್ಲ. ಮದುವೆಯೇ ಆಗಿಲ್ಲ.
ನೀವು ಯಾರನ್ನೋ ಯಾರೋ ಅಂದುಕೊಂಡದ್ದು.
ಬಾಯಿಯಲ್ಲಿ ನಿಮ್ಮ ಕೈ ಇತ್ತು, ಹೇಳಲಿಕ್ಕೆ ಆಗಲಿಲ್ಲ.”

“ಆ?” ಎಂದೆ. ಅದು ಭಾಷಾಂತರಕ್ಕಲ್ಲ.

“ಮನೆಗೆ ಹೋಗುವಾಗ ಬಸ್ಸಿನಲ್ಲಿ ಆಲೋಚನೆ ಮಾಡಿದೆ,
ಹೌದಲ್ಲ, ಹೇಗಿದ್ದಾಳೆ?
ಹೆಸರಿಟ್ಟೆ, ಲಿಡ್ವಿನ್. ನರ್ಸಿಂಗಿಗೆ ಸೇರಿಸಿದೆ.
ಹೋದ ವರ್ಷ ಅನಾಟಮಿಯಲ್ಲಿ ಫೇಲು,
ಈ ಸಲ ಪಾಸು. ನಿಮಗೆ ಹೇಳಬೇಕೆಂದಿತ್ತು.”

ಬೆಲ್ಲು ಯಾರೂ ಬಾರಿಸಲಿಲ್ಲ.
ಟೀಚರ ಕೈಯಲ್ಲಿ ಅದು ಸುಮ್ಮನೆ ಬಿಸಿಯಾಗುತ್ತಿತ್ತು.
ಆಶೀರ್ ಮಾತ್ರ, ಮೆಲ್ಲ, “ಎಂತ ಮಾರಾಯ್ರೆ” ಎಂದು
ತಾನಾಗಿಯೇ ಎರಡು ರೂಪಾಯಿ ಹಾಕಿದ.

ಸೋಮವಾರ ಕ್ಯಾಪು ಕೂರಿಸಿಕೊಳ್ಳಲು ಬಂದರು.
ಕುರ್ಚಿ ವಾಲಿಸಿದೆ, ದೀಪ ಎಳೆದೆ,
ಅಭ್ಯಾಸಬಲ, ಹತ್ತಿ ಎತ್ತಿಕೊಂಡೆ.
ಮತ್ತೆ ತಟ್ಟೆಯಲ್ಲಿಟ್ಟೆ. ಗ್ಲೌಸು ಬಿಚ್ಚಿದೆ.
ಹೊರಗೆ ಬೆಂಚಿನಲ್ಲಿ ಐದು ಮಂದಿ ಗಲ್ಲ ಹಿಡಿದು ಕಾಯುತ್ತಿದ್ದರು.

“ಲಿಡ್ವಿನ್ ಹೇಗಿದ್ದಾಳೆ?”

ಸಿಕ್ವೇರರು ಒಮ್ಮೆ ಮಾಡು ನೋಡಿದರು, ಒಮ್ಮೆ ನನ್ನನ್ನು.
“ಎಂತ ಹೇಳುವುದು ಮಾರಾಯ್ರೆ…”

ದಂಡದ ಡಬ್ಬಿ ಬಿಜೈಯಲ್ಲಿತ್ತು.
ಬೆಲ್ಲೂ ಅಲ್ಲೇ.